ಸಿಸೇರಿಯನ್ ನಂತರದ ನೋವು: ಸ್ಪೈನಲ್‌ನಲ್ಲೇ ಮಾರ್ಫಿನ್ ಸೇರಿಸಬೇಕೋ, ಟ್ಯಾಪ್ ಬ್ಲಾಕ್ ಕೊಡಬೇಕೋ? ಥೀಸಿಸ್‌ಗೆ ಸಲಹೆ ಬೇಕು

ಅರಿವಳಿಕೆ_ಪಿಜಿ_ಕಲಬುರಗಿ

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಅರಿವಳಿಕೆ ಎಂಡಿ ಮೊದಲ ವರ್ಷ. ಥೀಸಿಸ್‌ನ ಸಿನಾಪ್ಸಿಸ್ (ರೂಪರೇಖೆ) ಕೊಡುವ ದಿನ ಹತ್ತಿರ ಬಂದಿದೆ. ಸ್ಪೈನಲ್ (ಬೆನ್ನಿಗೆ ಚುಚ್ಚುವ ಅರಿವಳಿಕೆ) ಕೊಟ್ಟು ಮಾಡಿದ ಸಿಸೇರಿಯನ್ ನಂತರ ಮೊದಲ 24 ಗಂಟೆಯ ನೋವು ನಿವಾರಣೆಯ ಮೇಲೆ ಕೆಲಸ ಮಾಡಬೇಕೆಂದಿದ್ದೇನೆ.

ಸದ್ಯ ಬರೆದಿಟ್ಟಿರುವುದು ಹೀಗಿದೆ. ಒಂದು ಗುಂಪಿಗೆ ಮರಗಟ್ಟಿಸುವ ಮದ್ದಾದ 0.5% ಹೆವಿ ಬುಪಿವಕೇನ್ 2 ಎಂಎಲ್ ಜೊತೆ ಮಾರ್ಫಿನ್ 100 ಮೈಕ್ರೋಗ್ರಾಂ. ಇನ್ನೊಂದು ಗುಂಪಿಗೆ ಬರೀ ಬುಪಿವಕೇನ್ ಸ್ಪೈನಲ್, ಆಪರೇಷನ್ ಮುಗಿದ ಮೇಲೆ ಅಲ್ಟ್ರಾಸೌಂಡ್ ನೋಡಿಕೊಂಡು ಎರಡೂ ಕಡೆ ತಲಾ 0.25% ಬುಪಿವಕೇನ್ 20 ಎಂಎಲ್ ಟ್ಯಾಪ್ ಬ್ಲಾಕ್ (ಹೊಟ್ಟೆಯ ಗೋಡೆಯ ಸ್ನಾಯುಗಳ ನಡುವೆ ಮದ್ದು ಬಿಟ್ಟು ನರಗಳನ್ನು ಮರಗಟ್ಟಿಸುವುದು). ಗುಂಪಿಗೆ 30 ಜನ. ಮುಖ್ಯ ಅಳತೆ, ಮೊದಲ ಸಲ ನೋವಿನ ಇಂಜೆಕ್ಷನ್ ಕೇಳುವ ತನಕ ಹಿಡಿದ ಸಮಯ. ಕೇಳಿದಾಗ ಟ್ರಾಮಡಾಲ್ 100 ಮಿ.ಗ್ರಾಂ ಶಿರೆಗೆ.

ನನ್ನ ಅನುಮಾನಗಳು: ನಮ್ಮಲ್ಲಿ ಬರುವ ಹೆಣ್ಣುಮಕ್ಕಳ ತೂಕ ಬಹಳಷ್ಟು ಸಲ 45 ಕೆಜಿ ಆಸುಪಾಸು, ಟ್ಯಾಪ್‌ನ ಡೋಸ್ ಹೆಚ್ಚಾಗುತ್ತದೆಯೇ? 30 ಜನ ಸಾಕೇ? ರಾತ್ರಿ ವಾರ್ಡಿನಲ್ಲಿ ಒಬ್ಬರೇ ಸಿಸ್ಟರ್ ಇರುವಾಗ ಸ್ಪೈನಲ್ ಮಾರ್ಫಿನ್ ಸುರಕ್ಷಿತವೇ? ಯಾರಿಗೆ ಯಾವುದು ಸಿಕ್ಕಿದೆ ಎಂಬುದು ರೋಗಿಗೂ ಅಳೆಯುವವರಿಗೂ ಗೊತ್ತಾಗದ ಹಾಗೆ ಮಾಡುವುದು ಹೇಗೆ?

ಬೀದರ್_ಅರಿವಳಿಕೆ

ಡಾಕ್ಟ್ರೇ, ವಿಷಯ ಒಳ್ಳೆಯದು. ಆದರೆ ಡೋಸ್‌ಗಿಂತ ಮೊದಲು ಮುಖ್ಯ ಅಳತೆಯನ್ನು ಬದಲಾಯಿಸಿ. ಇಂಜೆಕ್ಷನ್ ಕೇಳುವ ತನಕದ ಸಮಯ ನಮ್ಮ ವಾರ್ಡುಗಳಲ್ಲಿ ನೋವನ್ನು ಅಳೆಯುವುದೇ ಇಲ್ಲ. ಬಾಣಂತಿ ಕೇಳುವುದಿಲ್ಲ. ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ, ಇಂಜೆಕ್ಷನ್ ತಗೊಂಡರೆ ಹಾಲು ಕೆಡುತ್ತದೆ ಎಂದು ಯಾರೋ ಹೇಳಿರುತ್ತಾರೆ, ನಡುರಾತ್ರಿ ಸಿಸ್ಟರ್‌ನ ಕರೆಯಲು ಸಂಕೋಚ. ಹಲ್ಲು ಕಚ್ಚಿಕೊಂಡು ಮಲಗಿದವಳನ್ನು ನಿಮ್ಮ ಹಾಳೆ ‘14 ಗಂಟೆ ನೋವಿಲ್ಲ’ ಎಂದು ದಾಖಲಿಸುತ್ತದೆ. ಬದಲಿಗೆ 2, 6, 12, 24ನೇ ಗಂಟೆಗೆ ನೀವೇ ಹೋಗಿ ಕೇಳಬೇಕು. ಮಲಗಿದಾಗ ಒಂದು ಸಲ, ಮಗ್ಗಲು ತಿರುಗಿ ಎದ್ದು ಕೂತಾಗ ಒಂದು ಸಲ. ಮಲಗಿದಲ್ಲಿ ನೋವು ಎಲ್ಲರಿಗೂ ಕಡಿಮೆಯೇ, ಗುಂಪುಗಳ ವ್ಯತ್ಯಾಸ ಕಾಣುವುದು ಅಲುಗಾಡಿದಾಗ. ಮಗುವನ್ನು ಎತ್ತಿ ಎದೆಗೆ ಹಾಕಿಕೊಳ್ಳಲು ಅವಳು ಏಳಲೇಬೇಕಲ್ಲ, ಆ ಹೊತ್ತಿನ ನೋವೇ ಮುಖ್ಯ. ಹಾಗಾಗಿ 12ನೇ ಗಂಟೆಗೆ ಎದ್ದು ಕೂತಾಗಿನ ನೋವು, 0ಯಿಂದ 10ರ ಅಳತೆಯಲ್ಲಿ, ಇದೊಂದನ್ನೇ ಮುಖ್ಯ ಅಳತೆಯಾಗಿ ಇಟ್ಟುಕೊಳ್ಳಿ. ಉಳಿದದ್ದೆಲ್ಲ ಎರಡನೇ ಸಾಲು.

ಎರಡನೆಯದು ಇನ್ನೂ ದೊಡ್ಡ ತೊಡಕು. ನಿಮ್ಮ ಬರಹದಲ್ಲಿ ಪ್ಯಾರಾಸಿಟಮಾಲ್ ಇಲ್ಲ, ಡೈಕ್ಲೋಫೆನಾಕ್ ಇಲ್ಲ. ಎರಡೂ ಗುಂಪಿಗೆ ಏನೂ ಕೊಡದೆ ಕಾಯ್ದರೆ ಯಾವ ಬ್ಲಾಕ್ ಕೊಟ್ಟರೂ ಭರ್ಜರಿ ಫಲಿತಾಂಶ ಬರುತ್ತದೆ. ಅಗ್ಗದ ಎರಡು ಔಷಧಿ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರೆ ಆ ಫಲಿತಾಂಶ ಉಳಿಯುತ್ತಿತ್ತೇ ಎಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ನೋವಿದ್ದೂ ಔಷಧಿ ತಡೆಹಿಡಿಯುವುದನ್ನು ನೈತಿಕ ಸಮಿತಿಯೂ ಒಪ್ಪಬಾರದು. ಆದ್ದರಿಂದ ಎಲ್ಲರಿಗೂ ಸಮಾನವಾಗಿ ಇಷ್ಟು ಬರೆಯಿರಿ. ಪ್ಯಾರಾಸಿಟಮಾಲ್ 6 ಗಂಟೆಗೊಮ್ಮೆ, 50 ಕೆಜಿ ಮೇಲಿದ್ದರೆ 1 ಗ್ರಾಂ, ಕೆಳಗಿದ್ದರೆ ಕೆಜಿಗೆ 15 ಮಿ.ಗ್ರಾಂ. ಅಂದರೆ 45 ಕೆಜಿಗೆ ಸುಮಾರು 650ರ ಒಂದು ಮಾತ್ರೆ. ಆಪರೇಷನ್ ಮುಗಿದ ಕೂಡಲೇ ಡೈಕ್ಲೋಫೆನಾಕ್ 100 ಮಿ.ಗ್ರಾಂ ಸಪೋಸಿಟರಿ, 12 ಗಂಟೆ ಕಳೆದ ಮೇಲೆ 50 ಮಿ.ಗ್ರಾಂ ಮಾತ್ರೆ. ದಿನದ ಮಿತಿ 150 ಮಿ.ಗ್ರಾಂ ಅಲ್ಲಿಗೆ ಮುಗಿಯಿತು. ರಕ್ತಸ್ರಾವ ನಿಲ್ಲದವರು, ಕ್ರಿಯಾಟಿನಿನ್ ಏರಿದವರು, ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗಿರುವವರು ಅಧ್ಯಯನದಿಂದ ಹೊರಗೆ. ಮಗು ಹೊರಬಂದ ಮೇಲೆ ಡೆಕ್ಸಾಮೆಥಸೋನ್ 8 ಮಿ.ಗ್ರಾಂ ಕೊಡುವುದಾದರೆ ಅದೂ ಎರಡೂ ಗುಂಪಿಗೆ. ಎಚ್ಚರವಿರುವವರಿಗೆ ಅದನ್ನು ರಭಸದಿಂದ ಕೊಟ್ಟರೆ ಗುಪ್ತಾಂಗದ ಬಳಿ ಉರಿ, ತುರಿಕೆ ಎದ್ದು ಗಾಬರಿಯಾಗುತ್ತಾರೆ. 100 ಎಂಎಲ್ ಸಲೈನ್‌ನಲ್ಲಿ ಬೆರೆಸಿ ಹನಿಸಿ.

ಟ್ರಾಮಡಾಲ್ 100 ಮಿ.ಗ್ರಾಂ ಬೇಡ. ವೇಗವಾಗಿ ಕೊಟ್ಟರೆ ವಾಂತಿ ಬರುತ್ತದೆ. ವಾಂತಿಯೂ ನೀವು ಎಣಿಸುವ ಪಟ್ಟಿಯಲ್ಲಿರುವುದರಿಂದ ಯಾವುದರ ವಾಂತಿ ಯಾವುದು ಎಂದು ಬೇರ್ಪಡಿಸಲಾಗುವುದಿಲ್ಲ. ವಾಂತಿಗೆ ಆಂಡಾನ್ಸೆಟ್ರಾನ್ ಕೊಟ್ಟರೆ ಅದು ಟ್ರಾಮಡಾಲ್‌ನ ಪರಿಣಾಮವನ್ನೂ ತಗ್ಗಿಸುತ್ತದೆ. ಹಾಲುಣಿಸುವ ತಾಯಂದಿರಿಗೆ ಟ್ರಾಮಡಾಲ್ ಬೇಡ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಕೆ ಕೊಟ್ಟಿದೆ, ಸಮಿತಿಯವರು ಅದನ್ನೂ ಕೇಳುತ್ತಾರೆ. ನೋವು 4 ಅಥವಾ ಹೆಚ್ಚು ಎಂದರೆ ನೀವೇ ಪಕ್ಕದಲ್ಲಿ ನಿಂತು ಮಾರ್ಫಿನ್ 1–2 ಮಿ.ಗ್ರಾಂ ನಿಧಾನವಾಗಿ ಶಿರೆಗೆ ಕೊಡಿ, ಆಮೇಲೆ ಎರಡು ಗಂಟೆ ಉಸಿರಾಟ ನೋಡಿ.

ಇನ್ನು ಸಂಖ್ಯೆ. ಸ್ಪೈನಲ್ ಮಾರ್ಫಿನ್ ನೋವಿಗೆ ಟ್ಯಾಪ್‌ಗಿಂತ ಮೇಲು, ತುರಿಕೆ ಮತ್ತು ವಾಂತಿ ಅದರಲ್ಲಿ ಹೆಚ್ಚು ಎಂಬುದು ಈಗಾಗಲೇ ಹಲವು ಅಧ್ಯಯನಗಳಿಂದ ತಿಳಿದಿದೆ. ಮಾರ್ಫಿನ್ ಕೊಟ್ಟವರಿಗೆ ಟ್ಯಾಪ್ ಸೇರಿಸಿದರೆ ಹೆಚ್ಚಿನ ಲಾಭವಿಲ್ಲ ಎಂಬುದೂ ತಿಳಿದಿದೆ. ಸಿಸೇರಿಯನ್ ನೋವಿನ ಬಗ್ಗೆ ಪ್ರಾಸ್ಪೆಕ್ಟ್ ಎಂಬ ನೋವು ತಜ್ಞರ ಗುಂಪಿನ 2021ರ ಶಿಫಾರಸು ಕೂಡ ಹೀಗೇ ಇದೆ: ಸ್ಪೈನಲ್ ಮಾರ್ಫಿನ್ 50–100 ಮೈಕ್ರೋಗ್ರಾಂ, ಜೊತೆಗೆ ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಗುಂಪಿನ ಔಷಧಿ, ಡೆಕ್ಸಾಮೆಥಸೋನ್. ಮಾರ್ಫಿನ್ ಕೊಡಲಾಗದಿದ್ದಾಗ ಗಾಯಕ್ಕೆ ಮರಗಟ್ಟಿಸುವ ಮದ್ದು ತುಂಬುವುದು ಅಥವಾ ಬ್ಲಾಕ್. ಹಾಗಾಗಿ ‘ಯಾವುದು ಮೇಲು’ ಎಂದು ಕೇಳಬೇಡಿ. ನಮ್ಮ ಭಾಗಕ್ಕೆ ಬೇಕಾದ ಪ್ರಶ್ನೆ ಬೇರೆ: ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ಕೊಟ್ಟಾಗ, ಮಾರ್ಫಿನ್ ಸಿಗದ ತಾಲೂಕು ಆಸ್ಪತ್ರೆಯಲ್ಲಿ ಟ್ಯಾಪ್ ಕೊಟ್ಟರೆ ಗಣನೀಯ ನಷ್ಟವೇನಾದರೂ ಇದೆಯೇ? ಅಂದರೆ ‘ಕೀಳಲ್ಲ’ ಎಂದು ತೋರಿಸುವ ಅಧ್ಯಯನ. ರೋಗಿಗೆ ಅನುಭವಕ್ಕೆ ಬರುವ ಕನಿಷ್ಠ ವ್ಯತ್ಯಾಸ 10ಕ್ಕೆ ಸುಮಾರು 1 ಅಂಕ, ಅದೇ ನಿಮ್ಮ ಗಡಿ. ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಗಳ ಚೆದುರುವಿಕೆ) 2 ಎಂದು ಹಿಡಿದರೆ, 80% ಪವರ್‌ಗೆ, ಅಂದರೆ ನಿಜವಾದ ಫಲಿತಾಂಶ ಕೈತಪ್ಪದಿರುವ ಸಾಧ್ಯತೆ 80% ಇರಲು, ಗುಂಪಿಗೆ 63. ಹತ್ತರಲ್ಲಿ ಒಬ್ಬರು ಬಿಟ್ಟುಹೋಗುತ್ತಾರೆಂದರೆ 70. ನೀವು ಬರೆದ 30 ಜನ 1.5 ಅಂಕದ ವ್ಯತ್ಯಾಸ ಹಿಡಿಯಲು ಸಾಕು, 1 ಅಂಕಕ್ಕೆ ಸಾಲದು. ಡೀವಿಯೇಷನ್ ಎಷ್ಟೆಂದು ಬೇರೆ ಊರಿನ ಪೇಪರಿನಿಂದ ಎತ್ತಿಕೊಳ್ಳುವುದಕ್ಕಿಂತ ನಿಮ್ಮದೇ ವಾರ್ಡಿನ 20 ಜನರನ್ನು ಮೊದಲು ಕೇಳಿ ಲೆಕ್ಕ ಹಾಕುವುದು ಒಳ್ಳೆಯದು.

ಶಹಾಪುರ_ಓಟಿ

ಮೇಲಿನ ಸರ್ ಹೇಳಿದ್ದಕ್ಕೆ ಟ್ಯಾಪ್ ಬಗ್ಗೆ ಸೇರಿಸ್ತೀನಿ. 0.25% 40 ಎಂಎಲ್ ಅಂದ್ರೆ ಬುಪಿವಕೇನ್ 100 ಮಿ.ಗ್ರಾಂ. 45 ಕೆಜಿಗೆ ಅದು ಕೆಜಿಗೆ 2.2 ಮಿ.ಗ್ರಾಂ ಆಯ್ತು. ನಾವು ಇಟ್ಟುಕೊಳ್ಳುವ ಮಿತಿ 2. ಮೇಲಾಗಿ ಗರ್ಭಿಣಿಯರಲ್ಲಿ ಈ ಮದ್ದನ್ನು ಹಿಡಿದಿಡುವ ಪ್ರೋಟೀನ್ ರಕ್ತದಲ್ಲಿ ಕಡಿಮೆ, ಹೃದಯಕ್ಕೆ ತಾಗುವುದು ಬೇಗ. ಕಡೆಗೆ 15 ಎಂಎಲ್‌ನಂತೆ ಒಟ್ಟು 30 ಎಂಎಲ್, 75 ಮಿ.ಗ್ರಾಂ ಸಾಕು. ರೋಪಿವಕೇನ್ ಸಿಕ್ಕರೆ ಅದೇ ಲೇಸು: 0.2% ಕಡೆಗೆ 20 ಎಂಎಲ್, ಒಟ್ಟು 80 ಮಿ.ಗ್ರಾಂ, 45 ಕೆಜಿಗೂ ಕೆಜಿಗೆ 3ರ ಮಿತಿಯೊಳಗೇ ಇದೆ. ಸರ್ಜನ್ ಗಾಯಕ್ಕೆ ಲಿಗ್ನೋಕೇನ್ ಹಾಕುವ ರೂಢಿಯಿದ್ದರೆ ಮೊದಲೇ ಮಾತಾಡಿ ನಿಲ್ಲಿಸಿ, ಎರಡೂ ಕೂಡುತ್ತವೆ.

ಲೀನಿಯರ್ ಪ್ರೋಬ್ ಅನ್ನು ಪಕ್ಕೆಲುಬಿನ ಅಂಚು ಮತ್ತು ಸೊಂಟದ ಎಲುಬಿನ ನಡುವೆ, ಮಿಡ್ ಆಕ್ಸಿಲರಿ ಲೈನಿನಲ್ಲಿ (ಕಂಕುಳ ನಡುವಿನಿಂದ ನೇರ ಕೆಳಗಿನ ಗೆರೆ) ಅಡ್ಡಕ್ಕೆ ಇಡಿ. ಹೆರಿಗೆಯಾದ ಹೊಟ್ಟೆ ಸಡಿಲ, ಪದರಗಳು ತೆಳ್ಳಗೆ ಹರಡಿರುತ್ತವೆ. ಮುಂದುಗಡೆ ನೋಡಿದರೆ ಯಾವುದು ಯಾವುದೆಂದು ತಿಳಿಯದು, ಪ್ರೋಬ್ ಅನ್ನು ಪಕ್ಕಕ್ಕೆ ಸರಿಸಿದಷ್ಟೂ ಮೂರು ಸ್ನಾಯುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಸೂಜಿ ಒಳಗಿನ ಎರಡರ ನಡುವೆ, ಅಂದರೆ ಇಂಟರ್ನಲ್ ಆಬ್ಲಿಕ್ ಮತ್ತು ಟ್ರಾನ್ಸ್‌ವರ್ಸಸ್ ನಡುವೆ ಬರಬೇಕು. ಮೊದಲು ಸಲೈನ್ 2 ಎಂಎಲ್ ಬಿಟ್ಟು ನೋಡಿ. ಕಪ್ಪು ಕಲೆ ಬೇಳೆಯ ಹಾಗೆ ಉದ್ದಕ್ಕೆ ಬಿಚ್ಚಿಕೊಂಡು ಎರಡು ಸ್ನಾಯುಗಳನ್ನು ಬೇರ್ಪಡಿಸಿದರೆ ಸರಿಯಾದ ಜಾಗ. ಸ್ನಾಯುವೇ ದಪ್ಪಗಾಗಿ ಮಸುಕಾದರೆ ನೀವು ಸ್ನಾಯುವಿನೊಳಗೆ ಇದ್ದೀರಿ, ಒಂದೆರಡು ಮಿಲಿಮೀಟರ್ ಸರಿಸಿ. ಮದ್ದನ್ನು 5 ಎಂಎಲ್‌ಗೊಮ್ಮೆ ಸಿರಿಂಜ್ ಎಳೆದು, ರಕ್ತ ಬರುತ್ತಿಲ್ಲವೆಂದು ನೋಡಿ ಬಿಡಬೇಕು. ಬ್ಲಾಕ್ ಸೂಜಿ ಇಲ್ಲದಿದ್ದರೆ 23 ಗೇಜ್ ಸ್ಪೈನಲ್ ಸೂಜಿಗೆ ಎಕ್ಸ್‌ಟೆನ್ಷನ್ ಟ್ಯೂಬ್ ಸೇರಿಸಿ ಮಾಡಬಹುದು, ತುದಿ ಮಾತ್ರ ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ತಪ್ಪುವುದು ಎಲ್ಲಿ ಅಂದ್ರೆ, ಟ್ರಾನ್ಸ್‌ವರ್ಸಸ್‌ನ ಅಡಿಗೆ ಹೋದರೆ ಮದ್ದು ಫೇಶಿಯಾ (ಸ್ನಾಯುವಿನ ಹೊದಿಕೆ) ಕೆಳಗೆ ಜಾರಿ ತೊಡೆಯ ಫೆಮೋರಲ್ ನರಕ್ಕೆ ತಾಗುತ್ತದೆ. ಸ್ಪೈನಲ್ ಇಳಿದ ಮೇಲೂ ಮೊಣಕಾಲು ಗಟ್ಟಿ ನಿಲ್ಲುವುದಿಲ್ಲ. ಎಬ್ಬಿಸುವ ಮೊದಲು ಮಂಚದಲ್ಲೇ ಕೂರಿಸಿ, ಕಣಕಾಲ ಮೇಲೆ ಕೈಯಿಟ್ಟು ಒತ್ತಿ ‘ಕಾಲು ಚಾಚವಾ’ ಅನ್ನಿ. ಕೈ ಒತ್ತನ್ನು ಎತ್ತಲಾರದಿದ್ದರೆ ನಿಲ್ಲಿಸಬೇಡಿ. ಮಗು ಕೈಯಲ್ಲಿದ್ದಾಗ ಬಿದ್ದರೆ ಇಬ್ಬರಿಗೂ ಪೆಟ್ಟು.

ಇನ್ನೊಂದು ಮಿತಿ ಹಾಳೆಯಲ್ಲಿ ಕಾಣಬೇಕು. ಟ್ಯಾಪ್ ಹೊಟ್ಟೆಯ ಗೋಡೆಯ ನೋವಿಗೆ ಮಾತ್ರ. ಗರ್ಭಕೋಶ ಮುದುಡುವಾಗಿನ ಹಿಂಡುವ ನೋವು, ಮಗು ಹಾಲು ಕುಡಿಯುವಾಗ ಬರುವುದು, ಅದಕ್ಕೆ ತಾಗುವುದೇ ಇಲ್ಲ. ಅದನ್ನು ತಡೆಯುವುದು ಡೈಕ್ಲೋಫೆನಾಕ್, ಇಲ್ಲವೇ ಮಾರ್ಫಿನ್. ಹಾಗಾಗಿ ‘ಗಾಯದ ನೋವು ಎಷ್ಟು, ಒಳಗಿನ ಹಿಂಡುವ ನೋವು ಎಷ್ಟು’ ಅಂತ ಬೇರೆ ಬೇರೆ ಕೇಳಿ. ಎರಡನ್ನೂ ಒಂದೇ ಅಂಕದಲ್ಲಿ ತುರುಕಿದರೆ ಬ್ಲಾಕ್ ಕೆಲಸ ಮಾಡಿದ್ದೂ ಕಾಣುವುದಿಲ್ಲ.

ಬ್ಲಾಕ್ ಕೊಡುವ ಕೋಣೆಯಲ್ಲಿ, ಮದ್ದು ರಕ್ತಕ್ಕೆ ಸೇರಿ ವಿಷವಾದರೆ ಕೊಡುವ 20% ಲಿಪಿಡ್ ಎಮಲ್ಷನ್ ಇಲ್ಲದಿದ್ದರೆ ಈ ಅಧ್ಯಯನ ಶುರು ಮಾಡಬೇಡಿ. ಬಾಯಿ ಸುತ್ತ ಜೋಮು, ಕಿವಿಯಲ್ಲಿ ಗುಂಯ್ ಶಬ್ದ, ಅಸಂಬದ್ಧ ಮಾತು, ಫಿಟ್ಸ್, ಇಸಿಜಿಯಲ್ಲಿ ಅಗಲವಾದ ತರಂಗ ಇವು ಆ ವಿಷದ ಲಕ್ಷಣ. ಎಮಲ್ಷನ್ ಕೆಜಿಗೆ 1.5 ಎಂಎಲ್ ಎರಡು-ಮೂರು ನಿಮಿಷದಲ್ಲಿ, 45 ಕೆಜಿಗೆ ಸುಮಾರು 70 ಎಂಎಲ್. ಆಮೇಲೆ ನಿಮಿಷಕ್ಕೆ ಕೆಜಿಗೆ 0.25 ಎಂಎಲ್, ಅಂದರೆ 11 ಎಂಎಲ್ ಹತ್ತಿರ. ಹೃದಯ ನಿಂತರೆ ಅಡ್ರಿನಲಿನ್ ಕೆಜಿಗೆ 1 ಮೈಕ್ರೋಗ್ರಾಂ ಮೀರದ ಸಣ್ಣ ಡೋಸ್‌ನಲ್ಲೇ. ಬ್ಲಾಕ್ ಆದ ಮೇಲೆ ಕನಿಷ್ಠ 30 ನಿಮಿಷ ಮಾನಿಟರ್ ತೆಗೆಯಬೇಡಿ.

ವಾರ್ಡ್_ಸಿಸ್ಟರ್_ಸೇಡಂ

ರಾತ್ರಿ ಡ್ಯೂಟಿ ಮಾತು ಬಂದದ ಅಂತ ಬರೀಲಿಕ್ಕತ್ತೀನಿ ಸರ್. ಮಾರ್ಫಿನ್ ಕೊಟ್ಟವರ ಹಾಸಿಗಿ ನರ್ಸಿಂಗ್ ಟೇಬಲ್ ಎದುರಿಗೇ ಇರಬೇಕು, ಎಲ್ಲಾರೂ ಒಂದ ಸಾಲಿನ್ಯಾಗ. ವಾರ್ಡಿನ ನಾಲ್ಕು ಮೂಲಿಗೆ ಹರವಿದ್ರ ಒಬ್ಬಾಕಿ ನೋಡೂದು ಆಗೂದಿಲ್ಲ. ಅಮೆರಿಕದ ಹೆರಿಗೆ ಅರಿವಳಿಕೆ ಸಂಘ ಸೋಪ್‌ನ 2019ರ ಶಿಫಾರಸಿನ ಪ್ರಕಾರ, ಬ್ಯಾರೆ ತೊಂದ್ರಿ ಇಲ್ಲದ ಬಾಣಂತಿಗೆ 50 ದಾಟಿ 150 ಮೈಕ್ರೋಗ್ರಾಂ ತನಕ ಮಾರ್ಫಿನ್ ಕೊಟ್ಟಿದ್ರ, ಎರಡು ತಾಸಿಗೊಮ್ಮೆ ಉಸಿರು ಮತ್ತ ಮಂಪರು ನೋಡಬೇಕು, 12 ತಾಸು ತನಕ. 50 ಅಥವಾ ಅದಕ್ಕಿಂತ ಕಡಿಮಿ ಇದ್ರ ಅದಕ್ಕಂತ ಬ್ಯಾರೆ ನಿಗಾ ಬೇಕಿಲ್ಲ. ಒಬ್ಬರೇ ಸಿಸ್ಟರ್ ಇರೂ ಕಡಿ 50 ಕೊಡೂದು ಯಾಕ ವಿಚಾರ ಮಾಡಬಾರದು?

ಉಸಿರು ಎಣಿಸೂದ್ರಾಗ ಒಂದು ಮಾತು. ಮಲಗಿದಾಕೀನ ಎಬ್ಬಿಸಿ ಎಣಿಸಿದ್ರ ಲೆಕ್ಕ ಹುಸಿ ಆಗ್ತದ. ಮೊದಲ ಸುಮ್ಮನ ನಿಂತು ಪೂರಾ ಒಂದು ನಿಮಿಷ ಎಣಿಸ್ರಿ, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬ್ಯಾಡ್ರಿ. ಆಮ್ಯಾಲ ಹೆಸರು ಹಿಡಿದು ಕರೀರಿ. ಕಣ್ಣ ತೆರೆದು ಮಾತಾಡಿದ್ರ ಛಲೋ. ಕರೆದ್ರೂ ಏಳವಲ್ಲಳು, ಉಸಿರು 10ಕ್ಕಿಂತ ಕಡಿಮಿ, ಅಂದ್ರ ಆಕ್ಸಿಜನ್ ಹಚ್ಚಿ ಡಾಕ್ಟರಿಗೆ ಫೋನ್. ಮಾರ್ಫಿನ್ ಪರಿಣಾಮ ಇಳಿಸೂ ನಲೋಕ್ಸೋನ್ 400 ಮೈಕ್ರೋಗ್ರಾಂನ ಒಂದು ಆಂಪೂಲ್‌ಗೆ 9 ಎಂಎಲ್ ಸಲೈನ್ ಕೂಡಿಸಿದ್ರ ಎಂಎಲ್‌ಗೆ 40 ಆಗ್ತದ. ಒಂದೆರಡು ಎಂಎಲ್ ಕೊಟ್ಟು ಎರಡು-ಮೂರು ನಿಮಿಷ ನೋಡಿ ಮತ್ತ ಕೊಡೂದು. ಅದರ ಪರಿಣಾಮ ತಾಸಿನೊಳಗ ಇಳೀತದ, ಮಾರ್ಫಿನ್ ಒಳಗ ಇನ್ನೂ ಇರ್ತದ. ಎದ್ದಳು ಅಂತ ಬಿಟ್ಟು ಹೋಗಬಾರದು. ಈ ಲೆಕ್ಕ ದೊಡ್ಡ ಅಕ್ಷರದಾಗ ಬರೆದು ಎಮರ್ಜೆನ್ಸಿ ಟ್ರೇಗೆ ಅಂಟಿಸಿ ಕೊಡ್ರಿ, ರಾತ್ರಿ ಯಾರಿಗೂ ಗುಣಾಕಾರ ಮಾಡಲಿಕ್ಕೆ ಹಚ್ಚಬ್ಯಾಡ್ರಿ.

ತುರಿಕೆ ಬಂದ್ರ ಎಲ್ಲಾರೂ ಅಲರ್ಜಿ ಔಷಧಿ ಫೆನಿರಮೈನ್ ಬರೀತಾರ. ಅದು ಈ ತುರಿಕೆಗೆ ಹೆಚ್ಚು ನಾಟೂದಿಲ್ಲ, ಮ್ಯಾಲ ನಿದ್ದಿ ಬರ್ತದ, ಮಂಪರು ಯಾವುದರದು ಅಂತ ನಮಗ ತಿಳಿಯೂದಿಲ್ಲ. ನಾಲ್ಬುಫಿನ್ 2.5 ಮಿ.ಗ್ರಾಂ, ಇಲ್ಲಾ ಅದೇ ನಲೋಕ್ಸೋನ್ 1 ಎಂಎಲ್ ಅಂತ ಬರೆದಿಡ್ರಿ. ಬಿಪಿ ಹೆಚ್ಚಾಗಿ ಮ್ಯಾಗ್ನೀಷಿಯಂ ನಡೆದವರನ್ನ ಈ ಅಧ್ಯಯನದಾಗ ಸೇರಿಸಬ್ಯಾಡ್ರಿ.

0ಯಿಂದ 10 ಅಂದ್ರ ಬಹಳ ಮಂದಿಗೆ ತಿಳಿಯೂದಿಲ್ಲ. ಹತ್ತು ಒಂದ್ರೂಪಾಯಿ ನಾಣ್ಯ ಮುಂದಿಟ್ಟು, ‘ತಡಕೊಳ್ಳಾಕ ಆಗದ ನೋವು ಹತ್ತೂ ರೂಪಾಯಿ, ಈಗ ಎಷ್ಟದ, ಅಷ್ಟು ಬ್ಯಾರೆ ತೆಗಿಯವಾ’ ಅಂತ ಕೇಳ್ರಿ. ಅತ್ತಿ ಕಡಿ ನೋಡದ ತಾನೇ ತೆಗೀತಾಳ.

ಅರಿವಳಿಕೆ_ಪಿಜಿ_ಕಲಬುರಗಿ

ಎಲ್ಲರಿಗೂ ಧನ್ಯವಾದ. ಸಿಸ್ಟರ್, ನಿಮ್ಮ ಟ್ರೇ ಚೀಟಿಯನ್ನು ಪ್ರೋಟೋಕಾಲ್‌ನಲ್ಲೇ ಸೇರಿಸುತ್ತೇನೆ. ಬೀದರ್ ಸರ್, ಇನ್ನೆರಡು ಪ್ರಶ್ನೆ. ಮಾರ್ಫಿನ್ ಬೆರೆಸುವ ಲೆಕ್ಕ ಹೇಗಿಡಲಿ? ಮಾರ್ಫಿನ್ ಗುಂಪಿನವರಿಗೆ ಸುಳ್ಳು ಬ್ಲಾಕ್ ಚುಚ್ಚಬೇಕೇ? ಜೊತೆಗೆ ಗಾಯಕ್ಕೆ ಮದ್ದು ತುಂಬುವ ಮೂರನೇ ಗುಂಪು ಸೇರಿಸಿದರೆ ಅಲ್ಟ್ರಾಸೌಂಡ್ ಇಲ್ಲದ ಆಸ್ಪತ್ರೆಗಳಿಗೂ ಉಪಯೋಗವಾಗುತ್ತದೆಯಲ್ಲವೇ?

ಬೀದರ್_ಅರಿವಳಿಕೆ

ಬೆರೆಸುವುದರಲ್ಲೇ ಪ್ರಾಣಾಪಾಯ ಇರುವುದು, ಅದಕ್ಕೆ ಬಿಡಿಸಿ ಬರೆಯುತ್ತೇನೆ. ಪ್ರಿಸರ್ವೇಟಿವ್ ಇಲ್ಲದ ಆಂಪೂಲ್ ಮಾತ್ರ. ಮಾರುಕಟ್ಟೆಯಲ್ಲಿ ಎಂಎಲ್‌ಗೆ 10 ಮಿ.ಗ್ರಾಂ, 15 ಮಿ.ಗ್ರಾಂ ಎರಡೂ ಇವೆ, ಗಾಜು ನೋಡಲು ಒಂದೇ ಥರ. 10ರದ್ದನ್ನೇ ತರಿಸಿ, ಇನ್ನೊಂದು ಆ ಕಪಾಟಿನಲ್ಲೇ ಇರಬಾರದು. 1 ಎಂಎಲ್ ಮಾರ್ಫಿನ್‌ಗೆ 19 ಎಂಎಲ್ ಸಲೈನ್ ಸೇರಿಸಿದರೆ ಎಂಎಲ್‌ಗೆ 500 ಮೈಕ್ರೋಗ್ರಾಂ. ಅದರಲ್ಲಿ 0.2 ಎಂಎಲ್ ಎಂದರೆ 100, 0.1 ಎಂದರೆ 50. ತಪ್ಪಿ 15ರ ಆಂಪೂಲ್ ಬಳಸಿದರೆ ಅದೇ 0.2 ಎಂಎಲ್ 150 ಆಗುತ್ತದೆ. ಇನ್ಸುಲಿನ್ ಸಿರಿಂಜ್‌ನಿಂದ ಎಳೆಯುವ ಅಭ್ಯಾಸ ಬೇಡವೇ ಬೇಡ. ಯು-100 ಸಿರಿಂಜ್‌ನಲ್ಲಿ 20 ಗೆರೆ ಎಂದರೆ 0.2 ಎಂಎಲ್, ಯು-40ಯಲ್ಲಿ ಅದೇ 20 ಗೆರೆ 0.5 ಎಂಎಲ್, ಅಂದರೆ 250 ಮೈಕ್ರೋಗ್ರಾಂ ಬೆನ್ನಿಗೆ ಹೋಗುತ್ತದೆ. 1 ಎಂಎಲ್ ಟ್ಯೂಬರ್‌ಕ್ಯುಲಿನ್ ಸಿರಿಂಜ್ ಬಳಸಿ, ಇಬ್ಬರು ಓದಿ ಹೇಳಬೇಕು. ಅದೇ ಟ್ರೇಯಲ್ಲಿ ಟ್ರಾನೆಕ್ಸಾಮಿಕ್ ಆ್ಯಸಿಡ್ ಇಡಬೇಡಿ. ಬುಪಿವಕೇನ್ ಎಂದು ಅದನ್ನು ಸ್ಪೈನಲ್‌ಗೆ ಕೊಟ್ಟು ಫಿಟ್ಸ್ ಬಂದು ಸತ್ತವರಿದ್ದಾರೆ, ವಿಶ್ವ ಆರೋಗ್ಯ ಸಂಸ್ಥೆ ಇದರ ಮೇಲೆಯೇ ಎಚ್ಚರಿಕೆ ಹೊರಡಿಸಿದೆ.

ಸಿಸ್ಟರ್ ಹೇಳಿದ 50ರ ಮಾತು ನನಗೂ ಒಪ್ಪಿಗೆ. ತಾಲೂಕು ಮಟ್ಟದಲ್ಲಿ ಬಳಕೆಗೆ ಬರುವುದು ಅದೇ. ಆದರೆ ಅಧ್ಯಯನದಲ್ಲಿ 50 ಇಟ್ಟುಕೊಂಡರೂ ನಿಗಾ 12 ಗಂಟೆ ಪೂರ್ತಿ ಇರಲಿ. ಟ್ಯಾಪ್ ಗುಂಪಿನ ಸ್ಪೈನಲ್‌ಗೆ ಅಷ್ಟೇ ಪ್ರಮಾಣದ ಸಲೈನ್ ಸೇರಿಸಿ, ಪ್ರಮಾಣ ಬದಲಾದರೆ ಸ್ಪೈನಲ್ ಏರುವ ಮಟ್ಟವೂ ಬದಲಾಗಬಹುದು. ಹೊಲಿಗೆ ಹಾಕಲು ಗರ್ಭಕೋಶವನ್ನು ಹೊಟ್ಟೆಯಿಂದ ಹೊರಗೆಳೆದು ಇಟ್ಟಾಗ ಆಗುವ ಸಂಕಟಕ್ಕೆ ಫೆಂಟಾನಿಲ್ 15 ಮೈಕ್ರೋಗ್ರಾಂ, ಅಂದರೆ 0.3 ಎಂಎಲ್, ಕೊಡುವುದಾದರೆ ಇಬ್ಬರಿಗೂ ಕೊಡಿ. ಮಾದಕ ವಸ್ತು ನಿಯಂತ್ರಣ ಕಾಯ್ದೆಯಾದ ಎನ್‌ಡಿಪಿಎಸ್‌ನ 2014ರ ತಿದ್ದುಪಡಿಯ ನಂತರ ಮಾರ್ಫಿನ್, ಫೆಂಟಾನಿಲ್ ಎರಡೂ ಅಗತ್ಯ ಮಾದಕ ಔಷಧಿಗಳ ಪಟ್ಟಿಯಲ್ಲಿವೆ. ಆಸ್ಪತ್ರೆಗೆ ಮಾನ್ಯತೆ ಇದೆಯೇ ಎಂದು ಮೊದಲೇ ಸ್ಟೋರ್‌ನಲ್ಲಿ ಕೇಳಿ. 10 ಮಿ.ಗ್ರಾಂ ಒಡೆದು 0.05 ಬಳಸಿದರೆ 9.95 ಚೆಲ್ಲಿದ ಲೆಕ್ಕ ರಿಜಿಸ್ಟರಿನಲ್ಲಿ ಎರಡು ಸಹಿಯೊಂದಿಗೆ ಇರಬೇಕು.

ಸುಳ್ಳು ಬ್ಲಾಕ್‌ಗೆ ಸೂಜಿ ಚುಚ್ಚುವ ಅಗತ್ಯವಿಲ್ಲ. ಆ ಹೊತ್ತಿಗೆ ಸ್ಪೈನಲ್ ಇನ್ನೂ ಎದೆಯ ಕೆಳಭಾಗದ ತನಕ ಇರುತ್ತದೆ, ಚುಚ್ಚಿದ್ದು ಅವರಿಗೆ ಗೊತ್ತಾಗುವುದಿಲ್ಲ. ಪರದೆ ಹಿಂದೆ ಎಲ್ಲರಿಗೂ ಪ್ರೋಬ್ ಇಡಿ, ಎಲ್ಲರಿಗೂ ಎರಡೂ ಪಕ್ಕಕ್ಕೆ ಒಂದೇ ರೀತಿಯ ಪಟ್ಟಿ ಅಂಟಿಸಿ. ಔಷಧಿ ಬೆರೆಸುವವರು, ಬ್ಲಾಕ್ ಕೊಡುವವರು ವಾರ್ಡಿಗೆ ಹೋಗಿ ನೋವು ಕೇಳಬಾರದು. ತುರಿಕೆ ಗುಟ್ಟು ಬಿಟ್ಟುಕೊಡುತ್ತದೆ, ಆದ್ದರಿಂದ ನೋವಿನ ಅಂಕ ಬರೆದಾದ ಮೇಲೆಯೇ ತುರಿಕೆ ಕೇಳಬೇಕು. ಯಾರು ಯಾವ ಗುಂಪಿಗೆ ಎಂದು ಬರೆದಿಟ್ಟ ಲಕೋಟೆ ಬೆಳಕಿಗೆ ಹಿಡಿದರೂ ಕಾಣದಂಥದ್ದು, ಕ್ರಮಸಂಖ್ಯೆಯದ್ದು. ರೋಗಿ ಟೇಬಲ್ ಮೇಲೆ ಬಂದ ನಂತರವೇ ಒಡೆಯುವುದು. ನಾಣ್ಯದ ಕ್ರಮ ಚೆನ್ನಾಗಿದೆ, ಆದರೆ ಓದಿದವರಿಗೆ ಅಂಕ, ಓದದವರಿಗೆ ನಾಣ್ಯ ಅಂತ ಮಾಡಬೇಡಿ, 140 ಜನರಿಗೂ ನಾಣ್ಯವೇ. ಒಪ್ಪಿಗೆ ಪತ್ರ ಕನ್ನಡ, ಉರ್ದು, ತೆಲುಗು, ಮರಾಠಿಯಲ್ಲಿ ಬೇಕು. ಸಿಟಿಆರ್‌ಐ (ಭಾರತದ ಚಿಕಿತ್ಸಾ ಅಧ್ಯಯನಗಳ ದಾಖಲೆ ಪಟ್ಟಿ) ನೋಂದಣಿ ಮೊದಲ ರೋಗಿಯನ್ನು ಸೇರಿಸುವ ಮೊದಲೇ ಆಗಬೇಕು, 2018ರ ಏಪ್ರಿಲ್‌ನಿಂದ ಹಿಂದಿನ ದಿನಾಂಕಕ್ಕೆ ನೋಂದಣಿ ತೆಗೆದುಕೊಳ್ಳುವುದಿಲ್ಲ.

ಮೂರನೇ ಗುಂಪು ಬೇಡ. ಮೂರು ಜೋಡಿ ಹೋಲಿಕೆಯಾಗುತ್ತದೆ, ಅದಕ್ಕೆ ತಿದ್ದುಪಡಿ ಮಾಡಿದರೆ 63 ಇದ್ದದ್ದು ಗುಂಪಿಗೆ 84 ಆಗುತ್ತದೆ, ಬಿಟ್ಟುಹೋಗುವವರನ್ನು ಸೇರಿಸಿದರೆ ಒಟ್ಟು 280 ದಾಟುತ್ತದೆ. ಎಲ್ಲರಿಗೂ ನಾಲ್ಕು ಸಲ ನೀವೇ ಓಡಾಡಬೇಕು. ಗಾಯಕ್ಕೆ ಮದ್ದು ತುಂಬುವ ಕೆಲಸ ನಿಮ್ಮ ಮುಂದಿನ ಬ್ಯಾಚಿನವರಿಗೆ ಇರಲಿ, ಅದು ತನ್ನಷ್ಟಕ್ಕೆ ಪೂರ್ಣ ವಿಷಯ.

ಅರಿವಳಿಕೆ_ಪಿಜಿ_ಕಲಬುರಗಿ

ಸರಿ ಸರ್, ಎರಡೇ ಗುಂಪು, ಮಾರ್ಫಿನ್ 50, 140 ಜನ, 12ನೇ ಗಂಟೆಗೆ ಎದ್ದು ಕೂತಾಗಿನ ನೋವು. ಲಕೋಟೆ ಒಡೆದ ಮೇಲೆ ಸ್ಪೈನಲ್ ಹಿಡಿಯದೆ ಜನರಲ್ (ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ) ಕೊಡಬೇಕಾಗಿ ಬಂದರೆ ಅವರನ್ನು ತೆಗೆದುಹಾಕಬಹುದೇ?

ಬೀದರ್_ಅರಿವಳಿಕೆ

ತೆಗೆಯಬಾರದು. ಲಕೋಟೆ ಒಡೆದ ಕ್ಷಣಕ್ಕೆ ಅವರು ಆ ಗುಂಪಿನವರು, ಅವರ ನೋವನ್ನೂ ಅದೇ ಹೊತ್ತಿಗೆ ಕೇಳಿ ಬರೆಯಿರಿ. ‘ಕೀಳಲ್ಲ’ ಎನ್ನುವ ಅಧ್ಯಯನದಲ್ಲಿ ಎರಡು ಲೆಕ್ಕ ಬೇಕು: ಲಕೋಟೆಯಂತೆ ಎಲ್ಲರನ್ನೂ ಸೇರಿಸಿ ಒಂದು, ಹೇಳಿದ ಚಿಕಿತ್ಸೆ ಪೂರ್ತಿ ಸಿಕ್ಕವರದ್ದು ಮಾತ್ರ ಇನ್ನೊಂದು. ಜನರಲ್‌ಗೆ ಹೋದವರು ಎರಡನೆಯದರಲ್ಲಿ ಬರುವುದಿಲ್ಲ. ಎರಡರಲ್ಲೂ ವ್ಯತ್ಯಾಸದ 95% ಕಾನ್ಫಿಡೆನ್ಸ್ ಇಂಟರ್ವಲ್‌ನ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ಮೇಲಿನ ತುದಿ 1 ಅಂಕದ ಕೆಳಗೇ ಇದ್ದರೆ ಮಾತ್ರ ಟ್ಯಾಪ್ ಕೀಳಲ್ಲ ಎಂದು ಬರೆಯಬಹುದು.